ಟ್ರ್ಯಾಕಿಗೆ ಹೊರಟ ಕಾರಿಗೆ ಮೊದಲು ಬ್ರೇಕ್

ಕಾರಿನ ತಾಕತ್ತು ಪೂರ್ತಿ ನೋಡಬೇಕು ಅನ್ನುವ ಬೆಂಗಳೂರಿನವರು ರೇಸ್ ಟ್ರ್ಯಾಕ್ ಇರುವ ಚೆನ್ನೈ ಇಲ್ಲವೇ ಕೊಯಮತ್ತೂರಿನ ದಾರಿ ಹಿಡಿಯಬೇಕು. ಹೆದ್ದಾರಿ ಅದಕ್ಕೆ ಜಾಗವಲ್ಲ. ನಾನು ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈಗೆ ಹೋದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಹಿಂದೆ ಶೋಳವರಂನ ಹಳೇ ವಿಮಾನ ರನ್‌ವೇ ಮೇಲೆ ರೇಸ್ ನಡೆಸುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೊಟ್ಟೈಯಲ್ಲಿ ಅವರ ಸ್ವಂತ ಟ್ರ್ಯಾಕ್ ಶುರುವಾಯಿತು. ಒಂದು ಸುತ್ತಿಗೆ 3.7 ಕಿಲೋಮೀಟರ್, 12 ತಿರುವು.

ಹೊರಡುವ ಮುಂಚೆ ಸ್ನೇಹಿತರೆಲ್ಲ ಎಂಜಿನ್ ಬಗ್ಗೆಯೇ ಕೇಳಿದರು. ನಮ್ಮ ಮೆಕ್ಯಾನಿಕ್ ಮಾತ್ರ, "ಎಂಜಿನ್ ಇರ್ಲಿ ಸಾರ್, ಬ್ರೇಕ್ ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ದು?" ಅಂದರು. ಕೇಳಬೇಕಾದ್ದೇ ಅದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿವರೆಗೂ ಕುದಿಯಬಾರದು. ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯಬಹುದು. ಕುದ್ದರೆ ಒಳಗೆ ಗುಳ್ಳೆ ಏಳುತ್ತದೆ. ಪೆಡಲ್ ಸೀದಾ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ಹಳೇ ಆಯಿಲ್ ತೆಗೆಯಲು ಮೆಕ್ಯಾನಿಕ್ ಚಕ್ರ ಬಿಚ್ಚಿ ಬ್ರೇಕಿಗೆ ಸಣ್ಣ ಪೈಪ್ ಸಿಕ್ಕಿಸಿದರು. "ಒತ್ತಿ... ಹಂಗೇ ಹಿಡ್ಕೊಳ್ಳಿ... ಈಗ ಬಿಡಿ." ನಾನು ಒಳಗೆ ಕೂತು ಹೇಳಿದ ಹಾಗೆ ಒತ್ತುತ್ತಾ ಹೋದೆ. ಬಾಟಲಿಗೆ ಮೊದಲು ಬಿದ್ದದ್ದು ಕಾಫಿ ಡಿಕಾಕ್ಷನ್ ಥರ ಕಪ್ಪಗಿತ್ತು. ಬರಬರುತ್ತಾ ತಿಳಿ ಹಳದಿಯಾಯಿತು. ಪೆಡಲ್ ಗಟ್ಟಿಯಾದದ್ದು ಕಾಲಿಗೇ ಗೊತ್ತಾಯಿತು. ಬ್ರೇಕ್ ಪ್ಯಾಡ್ ಅರ್ಧ ಸವೆದಿತ್ತು, ಹೊಸದು ಹಾಕಿಸಿದೆ.

ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ಓದಿ. ಮಾಮೂಲಿ ಕಾರ್ ಪಾಲಿಸಿ ರೇಸಿಗೆ, ಸ್ಪೀಡ್ ಟೆಸ್ಟಿಂಗಿಗೆ ಅನ್ವಯಿಸುವುದಿಲ್ಲ. ಟ್ರ್ಯಾಕಿನಲ್ಲಿ ಕಾರು ಜಜ್ಜಿದರೆ ಖರ್ಚು ನಮ್ಮದೇ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಬೇಕು.

ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಹಿಂದಿನ ದಿನವೇ ಟ್ರ್ಯಾಕಿಗೆ ಹತ್ತಿರದ ಶ್ರೀಪೆರಂಬದೂರು ಸೇರಿದೆ. ರಾತ್ರಿ ಚೆನ್ನಾಗಿ ನಿದ್ದೆಯಾಗಬೇಕಲ್ವಾ. ಆಂಬೂರು ಬಿರಿಯಾನಿಯನ್ನು ವಾಪಸ್ ಬರುವಾಗ ಅಂತ ಇಟ್ಟುಕೊಂಡೆ.

ಬೆಳಿಗ್ಗೆ ಕಾರು ಪೂರ್ತಿ ಖಾಲಿ ಮಾಡಿದೆ. ಜಾಕ್, ಮ್ಯಾಟ್, ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ಗಣಪ, ಎಲ್ಲ ಬ್ಯಾಗಿಗೆ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಗೀತು. ಸೀಟಿಗೆ ಬೆನ್ನು ಆನಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ಭಾಗಕ್ಕೆ ತಾಗಬೇಕು, ಅಷ್ಟು ಹತ್ತಿರ ಕೂರಬೇಕು. ಆಮೇಲೆ ಬಾವುಟಗಳ ಪಾಠ. ಹಳದಿ ಕಂಡರೆ ಮುಂದೆ ಅಪಾಯವಿದೆ, ಓವರ್‌ಟೇಕ್ ಮಾಡುವಂತಿಲ್ಲ. ನೀಲಿ ಕಂಡರೆ ಹಿಂದೆ ವೇಗದ ಕಾರಿದೆ. ಕೆಂಪು ಕಂಡರೆ ಎಲ್ಲರ ಓಟವೂ ಬಂದ್.

ತರಬೇತುದಾರರು ಪಕ್ಕದಲ್ಲಿ ಕೂತು ಎರಡೇ ಮಾತು ಹೇಳುತ್ತಿದ್ದರು. ಬ್ರೇಕ್ ಹಾಕುವುದನ್ನು ತಿರುವಿಗೆ ಮುಂಚೆ, ನೇರ ದಾರಿಯಲ್ಲೇ ಮುಗಿಸಿ. ಕಣ್ಣು ಮುಂದಿನ ತಿರುವಿನ ಮೇಲಿರಲಿ. ಕಣ್ಣು ದೂರ ಹೋದ ಕೂಡಲೇ ಕೈ ನಿಧಾನವಾಯಿತು, ಕಾರು ಅಲ್ಲಾಡುವುದು ನಿಂತಿತು. ಇಷ್ಟು ಸಂತೋಷ ನನಗೆ ಸ್ಟೀರಿಂಗ್ ಹಿಡಿದಾಗ ಯಾವತ್ತೂ ಆಗಿರಲಿಲ್ಲ.

ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಹೊಡೆದೆ, ಬ್ರೇಕ್ ಡಿಸ್ಕ್ ತಣ್ಣಗಾಗಲಿ ಅಂತ. ನಿಲ್ಲಿಸಿದ ಮೇಲೂ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲೇ ಬಿಟ್ಟೆ. ಟೈರ್ ಬಿಸಿಯಾಗಿ ಗಾಳಿಯ ಒತ್ತಡ ಏರಿತ್ತು, ಒಂದಿಷ್ಟು ಇಳಿಸಿದೆ. ಇದೇ ಟೈರ್, ಇದೇ ಪ್ಯಾಡಿನಲ್ಲಿ ಬೆಂಗಳೂರಿಗೆ ವಾಪಸ್ ಹೋಗಬೇಕು. ಹಾಗಾಗಿ ಸಂಜೆಯ ಸೆಷನ್ ಬಿಟ್ಟು, ಟೈರ್ ತಣಿದ ಮೇಲೆ ಮತ್ತೆ ಗಾಳಿ ತುಂಬಿಸಿಕೊಂಡು ಆಂಬೂರಿನ ಕಡೆ ಹೊರಟೆ.