ತಿದ್ದಿ ಕೊಟ್ಟರೂ ಮತ್ತದೇ ತಪ್ಪು ಮಾಡುತ್ತಾರಲ್ಲ, ಯಾಕೆ?

ಕುಮಟಾದಲ್ಲಿ ಪದವಿ ತರಗತಿಗಳಿಗೆ ಕನ್ನಡ ಕಲಿಸುವ ನನ್ನನ್ನು ಸಹೋದ್ಯೋಗಿಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು: ‘ರಾತ್ರಿಯೆಲ್ಲ ಕೂತು ಐವತ್ತು ಪ್ರಬಂಧ ತಿದ್ದಿ ಕೊಟ್ಟರೂ ಮುಂದಿನ ಸಲ ಅದೇ ತಪ್ಪು ಮಾಡಿಕೊಂಡು ಬರುತ್ತಾರಲ್ಲ, ತಿದ್ದಿ ಏನು ಪ್ರಯೋಜನ ಮಾರಾಯ್ರೇ?’ ನನ್ನ ಉತ್ತರವಿಷ್ಟೇ: ನಾವು ತಡವಾಗಿ ತಿದ್ದುತ್ತೇವೆ, ಅದೂ ಅವರು ಮಾಡಬೇಕಾದ ಕೆಲಸವನ್ನು ನಾವೇ ಮಾಡಿ ಮುಗಿಸುತ್ತೇವೆ.

ಅಂಕ ಹಾಕಿದ ಹಾಳೆ ಕೈಗೆ ಬಂದಾಗ ವಿದ್ಯಾರ್ಥಿ ಮೊದಲು ನೋಡುವುದು ತನ್ನ ಅಂಕವನ್ನು, ಆಮೇಲೆ ಪಕ್ಕದವನ ಅಂಕವನ್ನು. ಅಷ್ಟು ಹೊತ್ತಿಗೆ ಹಾಳೆ ಚೀಲ ಸೇರಿರುತ್ತದೆ. ಶಿಕ್ಷಣ ಮನೋವಿಜ್ಞಾನಿ ರೂತ್ ಬಟ್ಲರ್ ಇಸ್ರೇಲಿನ ಶಾಲಾಮಕ್ಕಳ ಕುರಿತು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರಿಯ ಟಿಪ್ಪಣಿ ಪಡೆದವರು ಸುಧಾರಿಸಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅವರು ಪದವಿ ವಿದ್ಯಾರ್ಥಿಗಳಲ್ಲ ಎಂಬುದು ನಿಜ, ಆದರೆ ನನ್ನ ತರಗತಿಯಲ್ಲಿ ನಾನು ಕಂಡದ್ದೂ ಅದನ್ನೇ.

ಅಘನಾಶಿನಿ ದಂಡೆಯ ಊರಿನ ವಿದ್ಯಾರ್ಥಿನಿಯೊಬ್ಬಳು ಕಗ್ಗ ಎಂಬ ದೇಸಿ ಭತ್ತದ ಬಗ್ಗೆ ಬರೆದ ಪ್ರಬಂಧ ‘ಭಾರತ ಕೃಷಿಪ್ರಧಾನ ದೇಶವಾಗಿದೆ’ ಎಂದು ಆರಂಭವಾಗಿ, ‘ದೇಸಿ ತಳಿಗಳನ್ನು ಉಳಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯ’ ಎಂದು ಮುಗಿದಿತ್ತು. ನಡುವೆ ಒಂದೇ ಒಂದು ವಾಕ್ಯ ಅವಳದ್ದಾಗಿತ್ತು: ‘ಕಟ್ಟೆ ಒಡೆದರೆ ಗದ್ದೆ ಹೋದಂತೆ ಎನ್ನುತ್ತಾರೆ ಅಜ್ಜ.’ ಅದರಡಿಗೆ ಗೆರೆ ಎಳೆದು, ‘ಕಟ್ಟೆಯನ್ನು ಮೊದಲು ಯಾರು ನೋಡಿಕೊಳ್ಳುತ್ತಿದ್ದರು? ಈಗ ಯಾರು?’ ಎಂದು ಅಂಚಿನಲ್ಲಿ ಬರೆದೆ. ಅಂಕ ಹಾಕಲಿಲ್ಲ, ಕಾಗುಣಿತವನ್ನು ಮುಟ್ಟಲಿಲ್ಲ.

ಎರಡನೆಯ ಪ್ರತಿ ಕಟ್ಟೆಯಿಂದಲೇ ಆರಂಭವಾಯಿತು. ಕಗ್ಗ ಉಪ್ಪನ್ನು ತಾಳಿಕೊಳ್ಳುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ಆದರೂ ಗಜನಿಯೊಳಗೆ, ಅಂದರೆ ಹೊಳೆಯಂಚಿನ ತಗ್ಗು ಗದ್ದೆಯೊಳಗೆ, ಹೊಳೆಯ ಉಪ್ಪುನೀರು ನುಗ್ಗದಂತೆ ಕಟ್ಟೆ ಗಟ್ಟಿಯಿರಬೇಕು, ಕಟ್ಟೆ ಒಬ್ಬರಿಂದ ಆಗುವ ಕೆಲಸವಲ್ಲ, ಸೀಗಡಿ ಸಾಕುವವರಿಗಾದರೋ ಅದೇ ಉಪ್ಪುನೀರು ಬೇಕು ಎಂದು ಅವಳು ಒಂದರಿಂದ ಇನ್ನೊಂದಕ್ಕೆ ಹೋದಳು. ತಳಿ ಉಳಿಯಲು ಬೀಜವೊಂದೇ ಸಾಲದು, ಕಟ್ಟೆ ಕಟ್ಟುವ ಊರೂ ಬೇಕು ಎಂಬುದು ಅವಳ ವಾದವಾಯಿತು. ‘ಆದ್ಯ ಕರ್ತವ್ಯ’ವನ್ನು ನಾನು ಹೇಳದೆಯೇ ಹೊಡೆದುಹಾಕಿದ್ದಳು.

ವಿದ್ಯಾರ್ಥಿಗಳು ಪರಿಷ್ಕರಣೆಯೆಂದರೆ ಪದ ಬದಲಿಸುವುದೆಂದು ತಿಳಿಯುತ್ತಾರೆ, ನುರಿತ ಬರಹಗಾರರು ವಾದದ ಆಕಾರವನ್ನೇ ಹುಡುಕುತ್ತಾರೆ ಎಂದು ಬರವಣಿಗೆಯ ಬೋಧನೆಯನ್ನು ಅಧ್ಯಯನ ಮಾಡಿದ ಅಮೆರಿಕದ ನ್ಯಾನ್ಸಿ ಸಾಮರ್ಸ್ 1980ರಲ್ಲಿ ತೋರಿಸಿದ್ದರು. ನಮ್ಮವರೂ ‘ಉಪಯೋಗ’ ತೆಗೆದು ‘ಪ್ರಯೋಜನ’ ಹಾಕಿ ತಂದುಕೊಡುತ್ತಾರೆ. ಅದನ್ನು ಕಲಿಸಿದ್ದು ನಮ್ಮ ಕೆಂಪು ಶಾಯಿಯೇ ಎಂದು ನನಗನಿಸುತ್ತದೆ. ಮನೆಯಲ್ಲಿ ಕೊಂಕಣಿಯನ್ನೋ ಹಾಲಕ್ಕಿ ಕನ್ನಡವನ್ನೋ ಆಡುವ ಹುಡುಗರ ಮೊದಲ ಪ್ರತಿಯಲ್ಲೇ ಅಲ್ಪಪ್ರಾಣ, ಮಹಾಪ್ರಾಣಗಳಿಗೆಲ್ಲ ಸುತ್ತು ಹಾಕಿದರೆ ಅವರ ಗಮನ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದಿನ ಪ್ರತಿಯಲ್ಲಿ ಇರುತ್ತದೋ ಇಲ್ಲವೋ ತಿಳಿಯದ ವಾಕ್ಯಕ್ಕೆ ಕಾಗುಣಿತ ತಿದ್ದುವುದು ದಂಡ. ಅದನ್ನು ಕೊನೆಯ ಪ್ರತಿಗೆ ಇಟ್ಟುಕೊಳ್ಳುತ್ತೇನೆ.

‘ಸೆಮಿಸ್ಟರಿನಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ನಾನು ನಾಲ್ಕು ಪ್ರಬಂಧಗಳ ಬದಲು ಎರಡನ್ನೇ ಬರೆಸಿ, ಒಂದು ಹಾಳೆಗೆ ಎರಡಕ್ಕಿಂತ ಹೆಚ್ಚು ಟಿಪ್ಪಣಿ ಬರೆಯುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಬದಲಾಗುತ್ತಾರೆಂದಲ್ಲ, ಕೆಲವರ ಎರಡನೆಯ ಪ್ರತಿಯಲ್ಲಿ ಸುಧಾರಿಸಿರುವುದು ಕೈಬರಹ ಮಾತ್ರ. ಅದಕ್ಕಾಗಿಯೇ ಹೊಸ ಪ್ರತಿಯ ಜೊತೆ, ಏನನ್ನು ಬದಲಿಸಿದೆ, ನನ್ನ ಯಾವ ಮಾತನ್ನು ಒಪ್ಪಲಿಲ್ಲ ಎಂದು ಅರ್ಧ ಪುಟ ಬರೆದುಕೊಡಲು ಹೇಳುತ್ತೇನೆ. ಮೀನುಪೇಟೆಯ ಬಗ್ಗೆ ಬರೆದ ಹುಡುಗನೊಬ್ಬ, ‘ಬೆಲೆಪಟ್ಟಿ ಸೇರಿಸು ಎಂದಿರಿ ಸರ್, ಆದರೆ ನಾನು ಬರೆದದ್ದು ಚೌಕಾಸಿಯ ಮಾತಿನ ಬಗ್ಗೆ, ಪಟ್ಟಿ ಬೇಡ’ ಎಂದು ಬರೆದಿದ್ದ. ಮತ್ತೆ ಓದಿ ನೋಡಿದೆ, ಅವನು ಹೇಳಿದ್ದೇ ಸರಿಯಿತ್ತು.