ಎಕರೆಗೆ ಎರಡು ಗುಂಟೆ

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಕ್ಯೂಜಿಐಎಸ್ (ನಕಾಶೆ ಮಾಡೋ ಸಾಫ್ಟ್‌ವೇರ್) ಓಪನ್ ಮಾಡಿ, ಮೊದಲು ಸ್ಯಾಟಲೈಟ್ ಟೈಲ್ಸ್, ಅಂದ್ರೆ ಉಪಗ್ರಹ ಚಿತ್ರ, ಹಾಕ್ಕೊಂಡು, ಅದರ ಮೇಲೇ ಹೊಸ ಶೇಪ್‌ಫೈಲ್ (ಎಳೆದ ಗೆರೆ, ಆಕಾರ ಇಡೋ ಫೈಲ್) ಮಾಡೋಕೆ ಹೊರಟಳು. ನೋಡ್ತಿದ್ದ ನನಗೆ ಹೊಟ್ಟೇಲಿ ತಳಮಳ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ.

ನಾನು ಸೇರಿ ಮೂರು ತಿಂಗಳಾಗಿತ್ತು ಅಷ್ಟೆ. ಮಾಲೂರು ಕಡೆ ಒಂದು ಕೆರೆ, ಅದರ ಅಂಚಿನ ಹೊಲಗಳನ್ನ ಬದು ನೋಡ್ಕೊಂಡು ಸ್ಕ್ರೀನ್ ಮೇಲೆ ಗೆರೆ ಎಳೆದು ಡಿಜಿಟೈಸ್ ಮಾಡಿ, ಬಂದ ವಿಸ್ತೀರ್ಣನ ಪಹಣಿ ಜೊತೆ ತಾಳೆ ನೋಡಿ ಒತ್ತುವರಿ ಲಿಸ್ಟ್ ಕೊಡಬೇಕಿತ್ತು. 17 ಸರ್ವೆ ನಂಬರ್, ಮ್ಯಾನೇಜರ್‌ಗೆ ಎರಡೇ ದಿನದಲ್ಲಿ ಬೇಕು. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಏರಿಯಾ ಚದರ ಮೀಟರಲ್ಲಿ ತೆಗೆದು, ಎಕರೆಗೆ ತರೋಕೆ 4046.86ರಿಂದ ಭಾಗಿಸಿದೆ. ಹದಿನೇಳಕ್ಕೆ ಹದಿನೇಳೂ ಜಾಸ್ತಿ! ಇಬ್ಬರದ್ದು ಬಿಟ್ರೆ ಎಲ್ಲರದ್ದೂ ಒಂದೇ ಲೆಕ್ಕ, ಒಂದು ಎಕರೆ ಇದ್ದವರಿಗೆ ಎರಡು ಗುಂಟೆ, ಎರಡು ಎಕರೆಯವರಿಗೆ ನಾಲ್ಕು, ನಾಲ್ಕು ಎಕರೆಯವರಿಗೆ ಎಂಟು ಚಿಲ್ಲರೆ.

ಅಲ್ಲೇ ನಿಲ್ಲಬೇಕಿತ್ತು ನಾನು. ಅಷ್ಟೊಂದು ಮನೆಯವರು ಮಾತಾಡ್ಕೊಂಡು ಎಕರೆಗೆ ಎರಡೆರಡು ಗುಂಟೆ ಅಂತ ಲೆಕ್ಕ ಹಾಕಿ ಒತ್ತುವರಿ ಮಾಡ್ತಾರಾ? ಆವತ್ತು ನನಗೆ ಆಗಿದ್ದು ಖುಷಿ, ಕೆರೆ ನುಂಗಿದವರು ಸಿಕ್ಕಿಬಿದ್ರು ಅಂತ. ಕೆರೆಗಳ ಗತಿ ನೋಡಿ ಸಂಕಟಪಟ್ಟುಕೊಂಡೇ ಈ ಕೆಲಸಕ್ಕೆ ಬಂದವನು, ಆ ಸಂಕಟವೇ ಕಣ್ಣಿಗೆ ಅಡ್ಡ ಬಂತು.

ಲಿಸ್ಟನ್ನ ಪಂಚಾಯ್ತಿ ನೋಟಿಸ್ ಬೋರ್ಡಿಗೆ ಅಂಟಿಸಿದ್ರು. ಮುಂದಿನ ವಾರ ನಾವು ಊರಿಗೆ ಹೋದಾಗ ಒಬ್ಬ ಯಜಮಾನ್ರು ಟೇಪು ಹಿಡ್ಕೊಂಡೇ ಕಾಯ್ತಿದ್ರು. ಕೂಗಾಡಲಿಲ್ಲ. "ಹತ್ತು ಸರಪಳಿ ಉದ್ದ, ಎಂಟು ಸರಪಳಿ ಅಗಲ ಸಾರ್, ನಮ್ಮಪ್ಪನ ಕಾಲದಿಂದ ಅಷ್ಟೇ. ಬನ್ನಿ, ಹಿಡೀರಿ ಒಂದು ಕಡೆ" ಅಂದ್ರು. ಹಿಡಿದೆ. ನೂರು ಅಡಿ ಟೇಪು, ಮೂರು ಸಲ ಎಳೆದು ಮೇಲೆ ಮೂವತ್ತು, ಬಾಂದು ಕಲ್ಲಿಂದ ಬಾಂದು ಕಲ್ಲಿಗೆ 330 ಅಡಿ. ಅಗಲ 264. ಸರಿಯಾಗಿ 80 ಗುಂಟೆ, ಎರಡು ಎಕರೆ.

ಬದುವಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಿಸಿಲಿಗೆ ಟವಲ್ ಅಡ್ಡ ಹಿಡಿಸಿ, ಮೆಷರ್ ಟೂಲ್‌ನಲ್ಲಿ ಅದೇ ಬದು ಎಳೆದೆ, 100.6 ಮೀಟರ್, ಅಂದ್ರೆ ಅದೇ 330 ಅಡಿ. ನಾನು ಲೆಕ್ಕ ಹಾಕಿಟ್ಟ ಅಟ್ರಿಬ್ಯೂಟ್ ಟೇಬಲ್ ತೆಗೆದ್ರೆ 2 ಎಕರೆ 4 ಗುಂಟೆ. ಅದೇ ಹೊಲದ ಅದೇ ಪಾಲಿಗನ್! ಐದಾರು ಜನ ಬೆನ್ನ ಹಿಂದೆ ನಿಂತು ನೋಡ್ತಿದಾರೆ, ನಾನು ಸುಮ್ಮನೆ ಝೂಮ್ ಇನ್, ಝೂಮ್ ಔಟ್ ಮಾಡ್ತಾ ಕೂತೆ. ತಪ್ಪು ನನ್ನದೇ ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು, ಆದ್ರೂ ಬಾಯಲ್ಲಿ ಬಂದಿದ್ದು "ಆಫೀಸಲ್ಲಿ ಚೆಕ್ ಮಾಡಿ ಹೇಳ್ತೀನಿ ಯಜಮಾನ್ರೇ" ಅಂತ. ಅವರು ಟೇಪು ಸುತ್ಕೊಂಡು ಹೋದ್ರು. ಲೆಕ್ಕ ತಪ್ಪಾಗಿದ್ದಕ್ಕಿಂತ ಈ ಮಾತು ಇವತ್ತಿಗೂ ಜಾಸ್ತಿ ಚುಚ್ಚುತ್ತೆ.

ರಾತ್ರಿ ಕೂತಾಗ ಸಿಕ್ತು. ಟೈಲ್ಸ್ ಮೊದಲು ಹಾಕಿದ್ದಕ್ಕೆ ಪ್ರಾಜೆಕ್ಟು 3857ಕ್ಕೆ, ಅಂದ್ರೆ ವೆಬ್ ಮರ್ಕೇಟರ್ ಅನ್ನೋ ಪ್ರೊಜೆಕ್ಷನ್‌ಗೆ (ಉರುಟು ಭೂಮಿನ ಚಪ್ಪಟೆ ನಕಾಶೆ ಮಾಡೋ ಒಂದು ರೀತಿ) ಹೋಗಿದೆ, ನಾನು ಎಳೆದ ಹೊಲಗಳ ಲೇಯರೂ ಅದರಲ್ಲೇ ಸೇವ್ ಆಗಿದೆ. ವೆಬ್ ಮರ್ಕೇಟರ್ ಸಮಭಾಜಕದಿಂದ ದೂರ ಹೋದಷ್ಟೂ ನೆಲನ ಹಿಗ್ಗಿಸುತ್ತೆ, ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಪ್ರತಿ ಬದಿಗೂ ಎರಡೂವರೆ ಪರ್ಸೆಂಟ್ ಮೇಲೆ, ವಿಸ್ತೀರ್ಣಕ್ಕೆ ಐದು ಚಿಲ್ಲರೆ, ಬೀದರಿಗೆ ಹೋದ್ರೆ ಹತ್ತು. ಮೆಷರ್ ಟೂಲ್ ಎಲಿಪ್ಸಾಯ್ಡ್ ಮೇಲೆ, ಅಂದ್ರೆ ಭೂಮಿಯ ಉರುಟು ಆಕಾರದ ಮೇಲೆ ಅಳೀತಿತ್ತು, ನಾನು ಫಾರ್ಮುಲಾದಲ್ಲಿ ಅದೇ ಥರ ಅಳೆಯೋ ಡಾಲರ್ ಏರಿಯಾ ($area) ಹಾಕೋ ಬದಲು ಏರಿಯಾ ಆಫ್ ಜಾಮೆಟ್ರಿ (area($geometry)) ಹಾಕಿದ್ದೆ, ಅದು ಹಿಗ್ಗಿದ ನಕಾಶೆನೇ ಅಳೆದು ಕೊಡ್ತು. ನಮಗೆ ಕೊಟ್ಟ ಮೂರು ದಿನದ ಟ್ರೇನಿಂಗ್‌ನಲ್ಲಿ ಲೆಜೆಂಡ್, ನಾರ್ತ್ ಆರೋ, ಬಣ್ಣ ಎಲ್ಲಾ ಹೇಳಿಕೊಟ್ರು, ಸಿಆರ್‌ಎಸ್‌ಗೆ (ಯಾವ ಪ್ರೊಜೆಕ್ಷನ್ ಬಳಸಬೇಕು ಅನ್ನೋದಕ್ಕೆ) ಅರ್ಧ ಗಂಟೆನೂ ಕೊಡಲಿಲ್ಲ. ಕೋಲಾರ ಜಿಲ್ಲೆಯಲ್ಲಂತೂ ಅದು ಬೇಕೇ ಬೇಕು, ಯುಟಿಎಂ ಅನ್ನೋ ಪದ್ಧತಿ ಭೂಮಿನ ಆರಾರು ಡಿಗ್ರಿ ಪಟ್ಟಿಗಳಾಗಿ ಹಂಚುತ್ತೆ, ಎರಡು ಪಟ್ಟಿಗಳ ಗಡಿಯಾದ 78 ಡಿಗ್ರಿ ರೇಖಾಂಶ ಜಿಲ್ಲೆ ಒಳಗೇ ಹಾಯುತ್ತೆ, ಮಾಲೂರು ಯುಟಿಎಂ 43ರಲ್ಲಿ, ಕೋಲಾರ ಪೇಟೆ 44ರಲ್ಲಿ.

ಲೇಯರನ್ನ 32643ಕ್ಕೆ (ಯುಟಿಎಂ 43ರ ಕೋಡ್) ರೀಪ್ರಾಜೆಕ್ಟ್ ಮಾಡಿ ಮತ್ತೆ ಲೆಕ್ಕ ಹಾಕಿದ್ರೆ ಹದಿನೇಳರಲ್ಲಿ ನಿಜವಾದ ಒತ್ತುವರಿ ಉಳಿದಿದ್ದು ಎರಡು. ಮ್ಯಾನೇಜರ್ "ಐದು ಪರ್ಸೆಂಟ್ ತಾನೇ, ಮುಂದಿನ ರಿಪೋರ್ಟಲ್ಲಿ ಸರಿಮಾಡೋಣ" ಅಂದ್ರು. ಐದು ಪರ್ಸೆಂಟ್ ಅಂದ್ರೆ ಆ ಮನುಷ್ಯನಿಗೆ ಊರ ಮುಂದೆ ಕೆರೆಗಳ್ಳ ಅನ್ನೋ ಹೆಸರು. ಈಗ ಯಾವುದೇ ಲೇಯರ್ ಇರಲಿ, ಟೇಪಲ್ಲಿ ಅಳೆದ ಒಂದು ಹೊಲ ಅದರಲ್ಲಿ ಸರಿ ಬರೋವರೆಗೆ ನಾನು ಲಿಸ್ಟ್ ಕೊಡಲ್ಲ, ಎಷ್ಟೇ ಅರ್ಜೆಂಟ್ ಅಂದ್ರೂ.

ನಾಲ್ಕು ದಿನ ಬಿಟ್ಟು ಬಸ್ಸಲ್ಲಿ ನಾನೇ ಹೋದೆ. ಯಜಮಾನ್ರ ಮನೆ ಜಗಲಿ ಮೇಲೆ ಕೂತು ತಪ್ಪು ನನ್ನದು ಅಂತ ಹೇಳಿದೆ, ಅವರು ಒಳಗಿಂದ ಮಜ್ಜಿಗೆ ತರಿಸಿದ್ರು, ಆಮೇಲೆ "ಆ ಚೀಟಿ ಇನ್ನೂ ಅಲ್ಲೇ ಐತಲ್ಲ ಸಾರ್" ಅಂದ್ರು. ಪಂಚಾಯ್ತಿಗೆ ಹೋಗಿ ಕಿತ್ತೆ. ಮೈದಾ ಅಂಟು ಗಟ್ಟಿಯಾಗಿತ್ತು, ಕಾಗದ ಅರ್ಧಕ್ಕೆ ಹರಿದು ಬಂತು, ಉಳಿದ ಅರ್ಧದಲ್ಲಿ ಅವರ ಸರ್ವೆ ನಂಬರ್ ಹಾಗೇ ಇತ್ತು. ಬೋರ್‌ವೆಲ್ ನೀರು ತಂದು ನೆನೆಸಿ, ಉಗುರಲ್ಲಿ ಕೆರೆದು ತೆಗೆದೆ.