ಗುಪ್ತಚರ ಅಧಿಕಾರಿ ಶಾಂತಿಯ ಕೆಲಸಕ್ಕೆ ಹೇಗೆ ಬಂದರು?

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ಇತಿಹಾಸ ಹೇಳಿಕೊಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಗುಪ್ತಚರ ಅಧಿಕಾರಿಯಾಗಿದ್ದು, ಆಮೇಲೆ ವಿಶ್ವಸಂಸ್ಥೆಯಲ್ಲಿ ಶಾಂತಿಪಾಲನೆಯ ಕೆಲಸ ಮಾಡಿದ ಬ್ರಯಾನ್ ಅರ್ಕರ್ಟ್ ಅವರ ಹೆಸರು ಬಂದಾಗಲೆಲ್ಲ ಇದೇ ಪ್ರಶ್ನೆ: "ಸರ್, ಗುಪ್ತಚರ ಅಂದ್ರ ಸುಳ್ಳು ಹೇಳಾಂವ. ಅಂಥಾಂವ ಶಾಂತಿ ಕೆಲಸಕ್ಕ ಹ್ಯಾಂಗ ಬಂದ್ರಿ?"

ಸೇನೆಯ ಗುಪ್ತಚರ ಅಧಿಕಾರಿಯ ಕೆಲಸ ಸುಳ್ಳು ಹೇಳುವುದಲ್ಲ. ಫೋಟೊ, ನಕ್ಷೆ, ವರದಿ ಮುಂದಿಟ್ಟುಕೊಂಡು ಶತ್ರು ಎಲ್ಲಿದ್ದಾನೆ ಅಂತ ಮೇಲಿನವರಿಗೆ ಹೇಳುವುದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನೋ ಗಾದೆ ಇದೆಯಲ್ವಾ? ಅರ್ಕರ್ಟ್‌ಗೆ ಆಗಿದ್ದು ಅದೇ.

1944ರ ಸೆಪ್ಟೆಂಬರ್. ಹಾಲೆಂಡಿನ ಆರ್ನೆಮ್ ಊರಿನ ಹತ್ತಿರ ಪ್ಯಾರಾಚೂಟ್ ಸೈನಿಕರನ್ನು ಇಳಿಸುವ ಯೋಜನೆ ಸಿದ್ಧವಾಗಿತ್ತು. ಅಲ್ಲಿ ಜರ್ಮನ್ ಟ್ಯಾಂಕುಗಳಿವೆ ಅಂತ 25 ವರ್ಷದ ಅರ್ಕರ್ಟ್ ವಿಮಾನದ ಫೋಟೊ ತೋರಿಸಿ ಎಚ್ಚರಿಸಿದರು. ಯಾರೂ ಕೇಳಲಿಲ್ಲ. ನಿನಗೆ ದಣಿವಾಗಿದೆ ಅಂತ ರಜೆ ಮೇಲೆ ಕಳಿಸಿದರು. ಆರ್ನೆಮ್‌ನಲ್ಲಿ ಇಳಿದವರು ಸುಮಾರು 10,000 ಜನ. ನದಿ ದಾಟಿ ವಾಪಸ್ ಬಂದವರು 2,400ರಷ್ಟು. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

1945ರಲ್ಲೇ ಅವರು ವಿಶ್ವಸಂಸ್ಥೆ ಸೇರಿದರು. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಲ್ಲಿ ಮೊದಲ ಸಶಸ್ತ್ರ ಶಾಂತಿಪಾಲನಾ ಪಡೆ ಕಟ್ಟಿದಾಗ ಅವರೂ ಆ ಗಡಿಬಿಡಿಯಲ್ಲಿದ್ದರು. ಹತ್ತು ದೇಶದ ಸೈನಿಕರು, ಹತ್ತು ಥರದ ಸಮವಸ್ತ್ರ. ಶತ್ರು ಅಂದುಕೊಂಡು ಯಾರಾದರೂ ದೂರದಿಂದ ಗುಂಡು ಹೊಡೆದರೆ? ದೂರದಿಂದಲೇ ಗುರುತು ಸಿಗಲಿ ಅಂತ ನೀಲಿ ಟೋಪಿ ಮಾಡಿಸಲು ವಾರಗಟ್ಟಲೆ ಬೇಕಿತ್ತು. ಅಮೆರಿಕ ಸೇನೆಯ ಉಕ್ಕಿನ ಹೆಲ್ಮೆಟ್‌ನೊಳಗೆ ಹಾಕುವ ಹಗುರ ಟೋಪಿಗಳಿಗೇ ನೀಲಿ ಬಣ್ಣ ಬಳಿದರು. ನೀಲಿ ಹೆಲ್ಮೆಟ್ ಹುಟ್ಟಿದ್ದು ಹೀಗೆ.

1961ರಲ್ಲಿ ಆಫ್ರಿಕಾದ ಕಾಂಗೋ ದೇಶದಿಂದ ಬೇರೆಯಾಗಲು ಹೊರಟಿದ್ದ ಕಟಾಂಗಾ ಪ್ರಾಂತ್ಯದ ಎಲಿಜಬೆತ್‌ವಿಲ್ ಊರಲ್ಲಿ ಅಲ್ಲಿನ ನಾಯಕ ಶೋಂಬೆಯ ಸೈನಿಕರು ಅರ್ಕರ್ಟ್ ಅವರನ್ನು ಎತ್ತಿಕೊಂಡು ಹೋಗಿ ಬಡಿದರು. ಮೂಗು ಮುರಿಯಿತು. ಆಗಲೂ ಅವರು ಇದ್ದದ್ದನ್ನೇ ಹೇಳಿದರು: ನನ್ನನ್ನು ಕೊಂದರೆ ಗೂರ್ಖಾಗಳು ಬರುತ್ತಾರೆ. ಆ ಗೂರ್ಖಾಗಳು ವಿಶ್ವಸಂಸ್ಥೆ ಪರವಾಗಿ ಹೋಗಿದ್ದ ನಮ್ಮ ಭಾರತೀಯ ಸೇನೆಯವರು. ಈ ಸಲ ಮಾತು ಕಿವಿಗೆ ಬಿತ್ತು. ಅರ್ಕರ್ಟ್ ಜೀವಂತ ಹೊರಗೆ ಬಂದರು.

ಅದಾದ ಕೆಲವೇ ದಿನಕ್ಕೆ, ಡಿಸೆಂಬರ್ 5ರಂದು, ಅದೇ ಊರಲ್ಲಿ ಗೂರ್ಖಾ ಪಡೆಯ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಹೋರಾಡಿ ಮಡಿದರು. ಪರಮವೀರ ಚಕ್ರದ ಪಟ್ಟಿಯಲ್ಲಿ ಅವರ ಹೆಸರನ್ನು ನಮ್ಮ ಹುಡುಗರು ಬಾಯಿಪಾಠ ಮಾಡಿರುತ್ತಾರೆ. ಅವರು ಆಫ್ರಿಕಾಕ್ಕೆ ಯಾಕೆ ಹೋಗಿದ್ದರು ಅಂತ ನಾನು ತಿರುಗಿ ಕೇಳುತ್ತೇನೆ. ಕ್ಲಾಸು ಸುಮ್ಮನಾಗುತ್ತದೆ. ಆಗ ಮತ್ತೆ ಆರ್ನೆಮ್‌ನಿಂದ ಶುರು ಮಾಡುತ್ತೇನೆ.